ಪಿಕಪ್ ಗೇರ್‌ಬಾಕ್ಸ್ ಎಣ್ಣೆ ಎಷ್ಟು ಬಿಸಿಯಾದರೆ ಹೆದರಬೇಕು? ಟ್ರೈಲರ್ ಎಳೆಯುವವರು ಹೇಳಿ

ಮರಳುಗಾಡಿನ ಕೊಪ್ಪದವ
(ಫೀನಿಕ್ಸ್, ಅರಿಜೋನಾ. 2018 ಟೊಯೋಟಾ ಟಕೋಮಾ ವಿ6 ಆಟೋಮ್ಯಾಟಿಕ್)

ಎಲ್ಲರಿಗೂ ನಮಸ್ಕಾರ. ಕಳೆದ ವಾರ ಮನೆಯವರ ಜೊತೆ ಫ್ಲಾಗ್‌ಸ್ಟಾಫ್‌ಗೆ ಹೋಗಿದ್ದೆ. ಹಿಂದೆ ಕ್ಯಾಂಪಿಂಗ್ ಟ್ರೈಲರ್ ಇತ್ತು. ನೀರು, ಸಾಮಾನು ಎಲ್ಲ ಸೇರಿ 4,000 ಪೌಂಡು, ಅಂದ್ರೆ ಸುಮಾರು 1,800 ಕೆಜಿ. ಈ ಕಡೆ ಗೊತ್ತಿಲ್ಲದವರಿಗೆ ಹೇಳ್ತೀನಿ, ಫೀನಿಕ್ಸ್ ಇರುವುದು 1,100 ಅಡಿ ಎತ್ತರದಲ್ಲಿ, ಫ್ಲಾಗ್‌ಸ್ಟಾಫ್ ಹತ್ತಿರ ಹತ್ತಿರ 7,000 ಅಡಿಯಲ್ಲಿ. ನಡುವಿನ ಐ-17 ನಮ್ಮ ಆಗುಂಬೆ ಥರ ಸುತ್ತುವುದಿಲ್ಲ. ಅಗಲವಾದ ರಸ್ತೆ, ಉದ್ದುದ್ದ ಏರುಗಳು. ಹಾಗಾಗಿ ಏರ್ತಾ ಇದ್ದೀವಿ ಅಂತ ಅನ್ನಿಸುವುದೇ ಇಲ್ಲ. ಹೊರಗೆ 108 ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು.

ನನ್ನ ಗಾಡಿಯ ಡ್ಯಾಶ್‌ನಲ್ಲಿ ಎಂಜಿನ್ ನೀರಿನ ಸೂಜಿ ಇದೆ, ಗೇರ್‌ಬಾಕ್ಸ್‌ದು ಇಲ್ಲ. ತೀರಾ ಬಿಸಿಯಾದರೆ ಎಚ್ಚರಿಕೆ ಬರುತ್ತೆ, ಅಷ್ಟೇ. ಅದಕ್ಕೆ ಗಾಡಿಯ ಕಂಪ್ಯೂಟರ್‌ನ ಅಂಕಿ ಓದುವ ಬ್ಲೂಟೂತ್ ಒಬಿಡಿ ಡಾಂಗಲ್ ತಗೊಂಡು ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸಿ, ಫೋನ್‌ನಲ್ಲಿ ಟಾರ್ಕ್ ಪ್ರೋ ಆ್ಯಪ್ ಹಾಕಿಕೊಂಡೆ. ಎರಡು ಅಂಕಿ ಬರುತ್ತೆ. ಒಂದು ಪ್ಯಾನ್‌ನದು, ಅಂದ್ರೆ ಗೇರ್‌ಬಾಕ್ಸ್ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆಯದು, ಇನ್ನೊಂದು ಟಾರ್ಕ್ ಕನ್ವರ್ಟರ್‌ನಿಂದ ಹೊರಬರುವ ಎಣ್ಣೆಯದು.

ಸಮತಟ್ಟಿನಲ್ಲಿ ಪ್ಯಾನ್ 195 ಫ್ಯಾರನ್‌ಹೀಟ್ ಇತ್ತು. ಬ್ಲ್ಯಾಕ್ ಕ್ಯಾನಿಯನ್ ಸಿಟಿ ದಾಟಿ ಏರು ಶುರುವಾದ ಮೇಲೆ 218 ಆಯ್ತು. ಕ್ಯಾಂಪ್ ವರ್ಡಿ ಆದಮೇಲಿನ ಏರಿನಲ್ಲಿ ಪ್ಯಾನ್ 238, ಕನ್ವರ್ಟರ್ 261! ದೀಪವೇನೂ ಹತ್ತಲಿಲ್ಲ. ಹೆಂಡತಿ "ರಸ್ತೆ ನೋಡ್ರೀ, ಫೋನ್ ಆಮೇಲೆ ನೋಡಿ" ಅಂತ ಗದರಿದಳು. ಪಕ್ಕಕ್ಕೆ ಹಾಕಿ ಇಪ್ಪತ್ತು ನಿಮಿಷ ನಿಲ್ಲಿಸಿದೆ. ನಿಲ್ಲಿಸಿ ಎಂಜಿನ್ ಆಫ್ ಮಾಡಿಬಿಟ್ಟೆ, ಅದು ಸರಿಯೋ ತಪ್ಪೋ ಗೊತ್ತಿಲ್ಲ.

ಗೇರ್‌ಬಾಕ್ಸ್ ಎಣ್ಣೆ ತಣಿಸೋಕೆ ದೊಡ್ಡ ಕೂಲರ್ ಹಾಕಿಸಬೇಕಾ? 400 ಡಾಲರ್ ಹೇಳ್ತಾ ಇದ್ದಾರೆ.

ಗೇರ್‌ಬಾಕ್ಸ್ ಮಾವ
(ಮಿಷಿಗನ್. 22 ವರ್ಷ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದ ಕೈ)

ದುಡ್ಡು ಜೇಬಲ್ಲೇ ಇರಲಿ. ಮೊದಲು ಮೂರು ಪ್ರಶ್ನೆಗೆ ಉತ್ತರ ಕೊಡಿ. ಏರಿನಲ್ಲಿ ಗೇರ್ ಲಿವರ್ ಮಾಮೂಲಿ ಡಿಯಲ್ಲಿತ್ತಾ, ಗೇರ್ ಮಿತಿ ನಾವೇ ಇಡುವ ಎಸ್‌ನಲ್ಲಿತ್ತಾ? ವೇಗ ಎಷ್ಟಿತ್ತು? ಆರ್‌ಪಿಎಂ ಒಂದೇ ಕಡೆ ನಿಂತಿತ್ತಾ, ಇಲ್ಲಾ ಮೇಲೆ ಕೆಳಗೆ ಕುಣಿತಾ ಇತ್ತಾ?

ತೋಟದ ದಾರಿ
(ಸಕಲೇಶಪುರ. ಇಸುಜು ವಿ-ಕ್ರಾಸ್ ಆಟೋಮ್ಯಾಟಿಕ್)

ಮಾರಾಯ್ರೇ, ಸ್ವಲ್ಪ ಸೆಲ್ಸಿಯಸ್‌ನಲ್ಲಿ ಹೇಳಿ. 238 ಅಂತ ಓದಿ ನನಗೇ ಜ್ವರ ಬಂತು.

ನಾನೂ ಆಟೋಮ್ಯಾಟಿಕ್ ಪಿಕಪ್ ಇಟ್ಟುಕೊಂಡಿದ್ದೀನಿ. ತೋಟದ ಗೊಬ್ಬರ, ಕಾಫಿ ಮೂಟೆ ಎಲ್ಲ ಅದರಲ್ಲೇ. ಮಗ ಒಂದು ಡಾಂಗಲ್ ಸಿಕ್ಕಿಸಿ ಕೊಟ್ಟಿದ್ದಾನೆ. ಶಿರಾಡಿ ಹತ್ತುವಾಗಲೂ 92 ಸೆಲ್ಸಿಯಸ್ ದಾಟುವುದಿಲ್ಲ. ಹಾಗಾದ್ರೆ ನನ್ನ ಗೇರ್‌ಬಾಕ್ಸ್ ತಣ್ಣಗಿದೆ ಅಂತ ಅಲ್ವಾ?

ಗೇರ್‌ಬಾಕ್ಸ್ ಮಾವ

ತೋಟದವರೇ, ನೀವು ನೋಡ್ತಾ ಇರುವುದು ಗೇರ್‌ಬಾಕ್ಸ್ ಅಲ್ಲ, ಎಂಜಿನ್ ನೀರು. ಬಿಟ್ಟಿ ಆ್ಯಪ್‌ಗಳಲ್ಲಿ ಮೊದಲು ಕಾಣುವ "ಟೆಂಪರೇಚರ್" ಅದೇ. ಒಬಿಡಿಯಲ್ಲಿ ಎಲ್ಲ ಕಂಪನಿಗಳೂ ಒಪ್ಪಿಕೊಂಡ ಸಾಮಾನ್ಯ ಪಟ್ಟಿ ಅಂತ ಒಂದಿದೆ. ಎಂಜಿನ್ ನೀರು, ಆರ್‌ಪಿಎಂ, ವೇಗ ಎಲ್ಲ ಅದರಲ್ಲಿ ಸಿಗುತ್ತೆ. ಗೇರ್‌ಬಾಕ್ಸ್ ಎಣ್ಣೆಯ ಬಿಸಿ ಆ ಪಟ್ಟಿಯಲ್ಲಿಲ್ಲ. ಅದನ್ನು ಒಬ್ಬೊಬ್ಬ ತಯಾರಕ ಒಂದೊಂದು ಕೋಡ್‌ನಲ್ಲಿ ಬಚ್ಚಿಟ್ಟಿರುತ್ತಾನೆ. ಕೊಪ್ಪದವರು ಟಕೋಮಾದ ಕೋಡ್ ಹುಡುಕಿ ಆ್ಯಪ್‌ಗೆ ಕೈಯಾರೆ ಸೇರಿಸಿರಬೇಕು. ನಿಮ್ಮ ಗಾಡಿಗೆ ಆ ಕೋಡ್ ನಡೆಯುವುದಿಲ್ಲ. ಒಳ್ಳೆ ಗ್ಯಾರೇಜ್‌ನ ಸ್ಕ್ಯಾನರ್‌ನಲ್ಲಿ ಲೈವ್ ಡೇಟಾ ತೆಗೆದರೆ ಎ.ಟಿ. ಆಯಿಲ್ ಟೆಂಪ್ ಅಂತ ಬರುತ್ತೆ, ಅದನ್ನು ನೋಡಿ.

ಸೆಲ್ಸಿಯಸ್ ಲೆಕ್ಕ ತಗೊಳ್ಳಿ. 195 ಅಂದ್ರೆ 91. 218 ಅಂದ್ರೆ 103. 238 ಅಂದ್ರೆ 114. 261 ಅಂದ್ರೆ 127.

ತೋಟದ ದಾರಿ

ಅಯ್ಯೋ. ಒಂದು ವರ್ಷದಿಂದ ಎಂಜಿನ್ ನೀರು ನೋಡಿ ಗೇರ್‌ಬಾಕ್ಸ್ ಬಗ್ಗೆ ಊರೆಲ್ಲ ಭಾಷಣ ಮಾಡಿದ್ದೀನಲ್ಲ.

ಮರಳುಗಾಡಿನ ಕೊಪ್ಪದವ

ಮಾವ, ಲಿವರ್ ಡಿಯಲ್ಲೇ ಇತ್ತು. ವೇಗ 65 ಮೈಲಿ ಇಡೋಕೆ ನೋಡ್ತಿದ್ದೆ. ಆರ್‌ಪಿಎಂ ಒಂದು ನಿಮಿಷವೂ ನಿಲ್ಲಲಿಲ್ಲ. ಐದಕ್ಕೆ ಹೋಗುತ್ತೆ, ಉಸಿರು ಕಟ್ಟುತ್ತೆ, ನಾಲ್ಕಕ್ಕೆ ಬರುತ್ತೆ, ಆಮೇಲೆ ಮೂರು, ಕೂಗುತ್ತೆ, ಮತ್ತೆ ಐದು. ಮಕ್ಕಳು ಹಿಂದಿನಿಂದ "ಅಪ್ಪಾ, ಗಾಡಿ ಯಾಕೆ ಅಳ್ತಾ ಇದೆ" ಅಂತಿದ್ರು.

ಗೇರ್‌ಬಾಕ್ಸ್ ಮಾವ

ಅಲ್ಲೇ ಇರೋದು ವಿಷಯ. ಸ್ವಲ್ಪ ಉದ್ದ ಬರೀತೀನಿ, ಬೈಕೋಬೇಡಿ.

ಆಟೋಮ್ಯಾಟಿಕ್‌ನಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕ್ಲಚ್ ಪ್ಲೇಟ್ ಬದಲು ಎಣ್ಣೆ ತುಂಬಿದ ಕನ್ವರ್ಟರ್ ಇರುತ್ತೆ. ಒಂದು ದೊಡ್ಡ ಪಾತ್ರೆ ತುಂಬ ಮಜ್ಜಿಗೆ ಇದೆ, ಅದರಲ್ಲಿ ಎರಡು ಕಡಗೋಲು ಇವೆ ಅಂದುಕೊಳ್ಳಿ. ಒಂದನ್ನು ಎಂಜಿನ್ ಕಡೆಯುತ್ತೆ. ಮಜ್ಜಿಗೆ ಸುತ್ತುತ್ತೆ, ಅದರ ರಭಸಕ್ಕೆ ಇನ್ನೊಂದು ಕಡಗೋಲೂ ಸುತ್ತುತ್ತೆ. ಆ ಎರಡನೆಯದು ಚಕ್ರಕ್ಕೆ ಸೇರಿದ್ದು. ಹೊರೆ ಜಾಸ್ತಿ ಆದಷ್ಟೂ ಎರಡನೆಯದು ಹಿಂದೆ ಬೀಳುತ್ತೆ. ಈ ಎರಡರ ವೇಗದ ವ್ಯತ್ಯಾಸ ಎಲ್ಲಿಗೆ ಹೋಗುತ್ತೆ? ಮಜ್ಜಿಗೆ ಬಿಸಿಯಾಗೋಕೆ ಹೋಗುತ್ತೆ. ಗೇರ್‌ಬಾಕ್ಸ್‌ನ ಬಿಸಿಯಲ್ಲಿ ದೊಡ್ಡ ಪಾಲು ಹುಟ್ಟುವುದು ಇಲ್ಲೇ.

ಇದನ್ನು ತಪ್ಪಿಸೋಕೆ ಕನ್ವರ್ಟರ್ ಒಳಗೆ ಲಾಕ್‌ಅಪ್ ಕ್ಲಚ್ ಅಂತ ಇದೆ. ಅದು ಕಚ್ಚಿಕೊಂಡರೆ ಎರಡು ಕಡಗೋಲೂ ಒಂದೇ ಆಗುತ್ತೆ. ಜಾರುವುದಿಲ್ಲ, ಬಿಸಿಯೂ ಹುಟ್ಟುವುದಿಲ್ಲ. ಪ್ರತಿ ಸಲ ಗೇರ್ ಬದಲಾಗುವಾಗ, ನೀವು ಆಕ್ಸಿಲರೇಟರ್ ಜೋರಾಗಿ ತುಳಿದಾಗ, ಅದು ಬಿಟ್ಟುಕೊಳ್ಳುತ್ತೆ. ನಿಮ್ಮ ಗಾಡಿ ಆ ಏರಿನಲ್ಲಿ ನಿಮಿಷಕ್ಕೆ ನಾಲ್ಕು ಸಲ ಗೇರ್ ಬದಲಾಯಿಸಿದರೆ ಲಾಕ್‌ಅಪ್ ಕಚ್ಚೋಕೆ ಪುರುಸೊತ್ತೇ ಸಿಕ್ಕಿಲ್ಲ. ಇಡೀ ದಾರಿ ಮಜ್ಜಿಗೆ ಕಡೆದಿದ್ದೀರಿ.

ಕಚ್ಚಿದೆಯೋ ಇಲ್ಲವೋ ತಿಳಿಯೋಕೆ ಯಂತ್ರ ಬೇಡ. ಒಂದೇ ವೇಗದಲ್ಲಿ ಹೋಗ್ತಾ ಆಕ್ಸಿಲರೇಟರ್ ಮೇಲಿನ ಕಾಲನ್ನು ಒಂದು ಚೂರು ಒತ್ತಿ. ವೇಗ ಏರದೆ ಆರ್‌ಪಿಎಂ ಮಾತ್ರ ಇನ್ನೂರು ಮುನ್ನೂರು ಹಾರಿದರೆ ಬಿಟ್ಟುಕೊಂಡಿದೆ ಅಂತ. ಎರಡೂ ಒಟ್ಟೊಟ್ಟಿಗೆ ನಿಧಾನಕ್ಕೆ ಏರಿದರೆ ಕಚ್ಚಿದೆ.

ಎರಡು ಅಂಕಿಯ ಬಗ್ಗೆ ಇನ್ನೊಂದು ಮಾತು. ಕನ್ವರ್ಟರ್‌ನದು ಒಲೆ ಮೇಲಿನ ಬಾಣಲೆ ಥರ, ಅರ್ಧ ನಿಮಿಷದಲ್ಲಿ ಏರುತ್ತೆ, ಅಷ್ಟೇ ಬೇಗ ಇಳಿಯುತ್ತೆ. ಪ್ಯಾನ್ ನಿಧಾನ. ಅಷ್ಟು ಎಣ್ಣೆಯೂ ಬಿಸಿಯಾಗಬೇಕಲ್ಲ. ಪ್ಯಾನ್ ಅಂಕಿ ನೋಡಿ ಕಾಲು ತೆಗೆಯೋಣ ಅಂತ ಕೂತರೆ ನಾಲ್ಕೈದು ನಿಮಿಷ ತಡವಾಗಿರುತ್ತೆ. ಏರಿನಲ್ಲಿ ಕನ್ವರ್ಟರ್ ನೋಡಿ, ಇಡೀ ದಿನದ ಲೆಕ್ಕಕ್ಕೆ ಪ್ಯಾನ್ ನೋಡಿ.

ನಿಲ್ಲಿಸಿದಾಗ ಎಂಜಿನ್ ಆಫ್ ಮಾಡಿದ್ದು ತಪ್ಪು. ಎಣ್ಣೆಯನ್ನು ಕೂಲರ್‌ಗೆ ಕಳಿಸುವ ಪಂಪ್ ಓಡುವುದು ಎಂಜಿನ್‌ನಿಂದ. ಪಾರ್ಕ್‌ನಲ್ಲಿ ಹಾಕಿ ಎಂಜಿನ್ ಓಡ್ತಾ ಇರಲಿ. ಕನ್ವರ್ಟರ್ ಮೇಲೆ ಹೊರೆ ಇಲ್ಲ, ಫ್ಯಾನ್ ತಿರುಗ್ತಾ ಇರುತ್ತೆ, ಐದು ನಿಮಿಷದಲ್ಲಿ ಅಂಕಿ ಇಳಿಯುವುದು ಕಣ್ಣಿಗೇ ಕಾಣುತ್ತೆ. ಡಿಯಲ್ಲಿ ಹಾಕಿ ಬ್ರೇಕ್ ಮೇಲೆ ಕಾಲಿಟ್ಟು ಕೂತರೆ ಆ ಲಾಭ ಅಷ್ಟು ಸಿಗುವುದಿಲ್ಲ.

ಮುಂದಿನ ಸಲ ಏರು ಶುರುವಾಗುವ ಮೊದಲೇ ಎಸ್‌ಗೆ ಹಾಕಿ 4 ಇಡಿ. ಟೊಯೋಟಾದಲ್ಲಿ ಎಸ್4 ಅಂದ್ರೆ ನಾಲ್ಕನೇ ಗೇರ್‌ನಲ್ಲೇ ನಿಲ್ಲು ಅಂತಲ್ಲ, ನಾಲ್ಕರ ಮೇಲೆ ಹೋಗಬೇಡ ಅಂತ. ಕಡಿದಾದ ಕಡೆ ನೀವೇ 3 ಮಾಡಿ. ವೇಗ 50, 55 ಸಾಕು. ಎಂಜಿನ್ ಕೂಗಿದರೆ ಕೂಗಲಿ, 3,300 ಆರ್‌ಪಿಎಂ ಅದಕ್ಕೆ ಏನೂ ಅಲ್ಲ.

ಸೂಜಿ ನಂಬದವ
(ಹ್ಯೂಸ್ಟನ್, ಟೆಕ್ಸಾಸ್. 2018 ಫೋರ್ಡ್ ಎಫ್-150)

ಮಾವ ಹೇಳಿದ್ದು ಸರಿ, ಆದರೆ 238 ಅನ್ನು ಅಷ್ಟು ಹಗುರವಾಗಿ ತಗೋಬೇಡಿ. ಎಲ್ಲ ಕಡೆ ಓಡಾಡುವ ಆ ಹಳೆ ಪಟ್ಟಿ ನೋಡಿಲ್ವಾ? 175 ಫ್ಯಾರನ್‌ಹೀಟ್‌ನಲ್ಲಿ ಎಣ್ಣೆ 1,00,000 ಮೈಲಿ ಬಾಳುತ್ತೆ, ಆಮೇಲೆ ಪ್ರತಿ 20 ಡಿಗ್ರಿಗೂ ಅರ್ಧರ್ಧ. 195ಕ್ಕೆ 50,000, 215ಕ್ಕೆ 25,000, 235ಕ್ಕೆ ಹನ್ನೆರಡೂವರೆ ಸಾವಿರ. ಕೊಪ್ಪದವರು ಇನ್ನೆರಡು ಟ್ರಿಪ್ ಹೋದರೆ ಎಣ್ಣೆ ಕಪ್ಪಾಗುತ್ತೆ. ಕೂಲರ್ ಹಾಕಿಸೋದೇ ಒಳ್ಳೇದು.

ನನ್ನ ಗಾಡಿಯಲ್ಲಿ ಗೇರ್‌ಬಾಕ್ಸ್ ಸೂಜಿ ಇದೆ, ಆದರೆ ಅದು ಮಧ್ಯದಲ್ಲಿ ದೇವರ ವಿಗ್ರಹದ ಥರ ಕೂತಿರುತ್ತೆ. ಅದಕ್ಕೆ ನಾನೂ ಡಾಂಗಲ್ ಹಾಕಿಕೊಂಡೆ.

ಗೇರ್‌ಬಾಕ್ಸ್ ಮಾವ

ಆ ಪಟ್ಟಿ ನಾನು ಕೆಲಸಕ್ಕೆ ಸೇರಿದಾಗಲೂ ವರ್ಕ್‌ಶಾಪ್ ಗೋಡೆ ಮೇಲಿತ್ತು. ಹಳೆ ಕಾಲದ ಖನಿಜ ಎಣ್ಣೆಗೆ ಕಟ್ಟಿದ ಲೆಕ್ಕ ಅದು. ಒಂದು ಯೋಚನೆ ಮಾಡಿ. ನಿಮ್ಮ ಎಫ್-150ರಲ್ಲಿ 10 ಗೇರ್‌ನ 10ಆರ್80 ಗೇರ್‌ಬಾಕ್ಸ್ ಇದ್ದರೆ, ಖಾಲಿ ಗಾಡಿಯಲ್ಲಿ ಬೀದಿ ಸುತ್ತಿದರೂ 200 ಆಸುಪಾಸು ತೋರಿಸುತ್ತೆ. ಪಟ್ಟಿ ನಿಜವಾದರೆ ಹ್ಯೂಸ್ಟನ್‌ನ ಅರ್ಧ ಪಿಕಪ್‌ಗಳು ಸುಮಾರು 42,000 ಮೈಲಿಗೆ ಗ್ಯಾರೇಜ್ ಸೇರಬೇಕಿತ್ತು. ಈಗಿನ ಗೇರ್‌ಬಾಕ್ಸ್‌ಗಳನ್ನು ಬೇಕೆಂತಲೇ ಅಷ್ಟು ಬಿಸಿ ಇಡ್ತಾರೆ. ಎಣ್ಣೆ ತೆಳುವಾಗಿದ್ದರೆ ಪಂಪ್‌ಗೆ ಕೆಲಸ ಕಡಿಮೆ, ಪೆಟ್ರೋಲ್ ಉಳಿಯುತ್ತೆ. ಅದಕ್ಕೇ ಒಳಗೆ ಥರ್ಮೋಸ್ಟ್ಯಾಟ್ ಇದೆ. ಎಣ್ಣೆ ಬಿಸಿಯಾಗುವ ತನಕ ಅದು ಕೂಲರ್‌ಗೆ ದಾರಿನೇ ಬಿಡುವುದಿಲ್ಲ.

ಬಿಸಿ ಜಾಸ್ತಿ ಆದಷ್ಟೂ ಎಣ್ಣೆ ಬೇಗ ಹಾಳಾಗುತ್ತೆ ಅನ್ನುವುದು ಸುಳ್ಳಲ್ಲ. ಆದರೆ ನನ್ನ ಕೈಗೆ ಬಂದ ಸುಟ್ಟ ಗೇರ್‌ಬಾಕ್ಸ್‌ಗಳು ಒಂದು ಏರಿನಲ್ಲಿ ಹತ್ತು ನಿಮಿಷ 235 ಮುಟ್ಟಿದವಲ್ಲ. ತಿಂಗಳುಗಟ್ಟಲೆ 250ರಲ್ಲಿ ಓಡಿ, ಯಾರೂ ಎಣ್ಣೆ ಬದಲಾಯಿಸದೇ ಇದ್ದವು. ನನ್ನ ಅಳತೆ ಹೇಳ್ತೀನಿ, ಬೇಕಾದವರು ತಗೊಳ್ಳಿ. ಪ್ಯಾನ್ 220 ತನಕ ಟ್ರೈಲರ್ ಎಳೆಯುವಾಗ ತಲೆ ಕೆಡಿಸಿಕೊಳ್ಳುವುದಿಲ್ಲ. 230 ಬಂದರೆ ಗೇರ್ ಇಳಿಸಿ ನಿಧಾನ ಹೋಗ್ತೀನಿ. 240 ದಾಟಿದರೆ ಪಕ್ಕಕ್ಕೆ ಹಾಕಿ, ಆ ವರ್ಷದ ಎಣ್ಣೆ ಬದಲಾವಣೆ ಬೇಗನೆ ಮಾಡಿಬಿಡ್ತೀನಿ. ಎಚ್ಚರಿಕೆ ದೀಪ ಬರೋವರೆಗೆ ಕಾಯುವುದು ಅಂದ್ರೆ ಹಾಲು ಉಕ್ಕಿದ ಮೇಲೆ ಒಲೆ ಆರಿಸಿದ ಹಾಗೆ.

ನಿಮ್ಮ ಲಿವರ್ ಮೇಲೆ ಟೋ/ಹಾಲ್ ಬಟನ್ ಇದೆಯಲ್ಲ, ಭಾರ ಎಳೆಯುವಾಗ ಗೇರ್ ಪದೇ ಪದೇ ಬದಲಾಗದ ಹಾಗೆ ನೋಡಿಕೊಳ್ಳೋದು, ಎಳೆಯುವಾಗ ಒತ್ತುತ್ತೀರಾ?

ಸೂಜಿ ನಂಬದವ

...ಒಂದೊಂದು ಸಲ.

ಹತ್ತು ಹನ್ನೆರಡು ಸ್ಪ್ಯಾನರ್
(ಹಾಸನ, ಗ್ಯಾರೇಜ್)

ನಮ್ಮ ಕಡೆ ಟ್ರೈಲರ್ ಎಳೆಯೋರು ಕಮ್ಮಿ. ಗೇರ್‌ಬಾಕ್ಸ್ ಬಿಸಿ ಮಾಡೋರಿಗೇನೂ ಬರ ಇಲ್ಲ. ಮುಖ್ಯವಾಗಿ ಎರಡು ಥರ ನೋಡಿದ್ದೀನಿ.

ಮೊದಲನೆಯದು ರಿವರ್ಸ್. ತೋಟದ ಮಣ್ಣು ದಾರಿ, ತಿರುಗಿಸೋಕೆ ಜಾಗ ಇರಲ್ಲ, ಹಿಂದೆ ಮೂಟೆ ತುಂಬಿದೆ. ಇನ್ನೂರು ಮೀಟರ್ ಏರನ್ನು ಹಿಂದಕ್ಕೇ ಹತ್ತಿಸ್ತಾರೆ. ಗಾಡಿ ಅಂಗುಲ ಅಂಗುಲ ಹೋಗುತ್ತೆ, ಎಂಜಿನ್ ಮಾತ್ರ ಭರ್ರ್ ಅನ್ನುತ್ತೆ. ಮುಂದಿನಿಂದ ಗಾಳಿಯೂ ಹೊಡೆಯಲ್ಲ. ಇದಕ್ಕಿಂತ ಬೇಗ ಬಿಸಿ ಮಾಡೋ ದಾರಿ ನನಗೆ ಗೊತ್ತಿಲ್ಲ. ಫೋರ್ ಲೋ ಹಾಕಿ ಸ್ವಾಮಿ, ನಾಲ್ಕೂ ಚಕ್ರಕ್ಕೆ ತಗ್ಗಿನ ಗೇರ್! ಆ ಸ್ವಿಚ್ ಇರೋದು ಕೆಸರಿಗೆ ಮಾತ್ರ ಅಂದುಕೊಂಡಿದ್ದಾರೆ ಎಲ್ಲರೂ. ಲೋನಲ್ಲಿ ಸುಮಾರು ಎರಡೂವರೆ ಪಟ್ಟು ಗೇರ್ ಇಳಿಯುತ್ತೆ, ಕನ್ವರ್ಟರ್ ಮೇಲಿನ ಹೊರೆ ಅಷ್ಟು ಹಗುರ ಆಗುತ್ತೆ. ಒಣ ಸಿಮೆಂಟ್ ಮೇಲೆ ಪೂರ್ತಿ ತಿರುಗಿಸೋಕೆ ಹೋಗ್ಬೇಡಿ ಅಷ್ಟೇ, ಮುಂದಿನ ಹಿಂದಿನ ಚಕ್ರ ಜಗಳ ಆಡುತ್ತೆ.

ಎರಡನೆಯದು ಹಾಫ್ ಕ್ಲಚ್ ಚಾಳಿ. ಮ್ಯಾನುಯಲ್ ಓಡಿಸಿ ಅಭ್ಯಾಸ ಇರೋ ಡ್ರೈವರ್‌ಗಳು ಏರಿನಲ್ಲಿ ನಿಂತಾಗ ಬ್ರೇಕ್ ತುಳಿಯಲ್ಲ, ಆಕ್ಸಿಲರೇಟರ್‌ನಲ್ಲೇ ಗಾಡಿ ತಡೆದು ನಿಲ್ಲಿಸ್ತಾರೆ. ಕ್ಲಚ್ ವಾಸನೆ ಬರಲ್ಲ ಅಂತ ಧೈರ್ಯ. ಒಳಗೆ ಎಣ್ಣೆ ಬೇಯ್ತಾ ಇರುತ್ತೆ.

ಇನ್ನೊಂದು ಕಥೆ ಇದೆ. ಒಂದು ಆಟೋಮ್ಯಾಟಿಕ್ ಗಾಡಿ ಬಂತು, ಯಾವ ಗಾಡಿ ಅಂತ ಬೇಡ. ಬೇರೆಲ್ಲೋ ಎಣ್ಣೆ ಬದಲಾಯಿಸಿದ್ದಾರೆ. ಅಲ್ಲಿಂದ ಶುರುವಾಗಿ ಬಿಸಿಯಾದರೆ ಗೇರ್ ಜಾರುತ್ತೆ. ನಾನು ತೆಗೆದು ಬಿಳಿ ಬಟ್ಟೆ ಮೇಲೆ ಎರಡು ಹನಿ ಬಿಟ್ಟೆ. ಕೆಂಪು ಇರಬೇಕಾದ್ದು ಕಾಫಿ ಡಿಕಾಕ್ಷನ್ ಬಣ್ಣ, ಸುಟ್ಟ ವಾಸನೆ. ಅಳೆದು ನೋಡಿದರೆ ಒಂದು ಲೀಟರ್ ಕಮ್ಮಿ. ಈಗಿನ ಬಹಳ ಗೇರ್‌ಬಾಕ್ಸ್‌ಗಳಿಗೆ ಡಿಪ್‌ಸ್ಟಿಕ್ ಇಲ್ಲ. ಎಣ್ಣೆ ಕಂಪನಿ ಹೇಳಿದಷ್ಟು ಬೆಚ್ಚಗಿದ್ದಾಗ, ಎಂಜಿನ್ ಓಡ್ತಾ ಇರುವಾಗ, ಲೆವೆಲ್ ಬೋಲ್ಟ್ ಬಿಚ್ಚಿ ತೊಟ್ಟಿಕ್ಕೋದನ್ನು ನೋಡಿ ಅಳತೆ ಹಿಡೀಬೇಕು. ಆ ಪುಣ್ಯಾತ್ಮ ಎಣ್ಣೆ ತೀರಾ ಬಿಸಿ ಇದ್ದಾಗ ಅಳೆದಿದ್ದಾನೆ. ಬಿಸಿಗೆ ಉಬ್ಬಿ ಹೊರಗೆ ಸುರಿದಿದ್ದನ್ನು ನೋಡಿ ತುಂಬಿದೆ ಅಂದುಕೊಂಡಿದ್ದಾನೆ. ಹಾಗಾಗಿ ಟೆಂಪರೇಚರ್ ನೋಡೋದು ಏರಿಗೆ ಮಾತ್ರ ಅಲ್ಲ, ಎಣ್ಣೆ ಹಾಕೋವಾಗಲೂ ಸ್ಕ್ಯಾನರ್ ಬೇಕು.

ಹೊರಗಿನಿಂದ ಪ್ಯಾನ್‌ಗೆ ಲೇಸರ್ ಗನ್ ಹಿಡಿದು ನೋಡೋರಿಗೆ ಒಂದು ಮಾತು. ಅದು ತಗಡಿನ ಬಿಸಿ ಹೇಳುತ್ತೆ, ಎಣ್ಣೆಯದ್ದಲ್ಲ. ಒಳಗೆ ಅದಕ್ಕಿಂತ ಜಾಸ್ತಿನೇ ಇರುತ್ತೆ.

ಹಿಮದ ಹುಬ್ಬಳ್ಳಿ
(ಮಿನ್ನೆಸೋಟಾ. ರ‍್ಯಾಮ್ 1500)

ಕೂಲರ್ ಹಾಕಿಸೋರು ನನ್ನ ಕಥೆ ಕೇಳ್ರಿ. ನಾಲ್ಕು ವರ್ಷದ ಹಿಂದೆ ಹಿಂದಿನ ಗಾಡಿಗೆ ದೊಡ್ಡ ಕೂಲರ್ ಹಾಕಿಸಿದೆ. ಹಾಕಿದವನು ಥರ್ಮೋಸ್ಟ್ಯಾಟ್ ತೆಗೆದು ನೇರ ಪೈಪ್ ಎಳೆದಿದ್ದ. ಬೇಸಿಗೆಯಲ್ಲಿ ಭಾರೀ ಖುಷಿ, ದೋಣಿ ಎಳೆದರೂ 180 ದಾಟಲಿಲ್ಲ. ಜನವರಿ ಬಂತು. ಹೊರಗೆ ಮೈನಸ್ 20 ಸೆಲ್ಸಿಯಸ್. ಒಂದು ತಾಸು ಓಡಿಸಿದರೂ ಎಣ್ಣೆ 100 ಫ್ಯಾರನ್‌ಹೀಟ್ ದಾಟಲ್ಲ. ಗೇರ್ ಬೀಳೋವಾಗ ಹಿಂದಿನಿಂದ ಯಾರೋ ಒದ್ದಂಗೆ. ಎಣ್ಣೆ ತಣ್ಣಗಿದ್ದರೆ ಲಾಕ್‌ಅಪ್ಪೂ ಕಚ್ಚಲ್ಲ, ಪೆಟ್ರೋಲೂ ಕುಡಿಯುತ್ತೆ. ಕೊನೆಗೆ ಕೂಲರ್ ಮುಂದೆ ರಟ್ಟು ಕಟ್ಟಿಕೊಂಡು ಓಡಾಡಿದೆ. ರಟ್ಟು ನೋಡಿ ಆಫೀಸಿನವರು ನಕ್ಕಿದ್ದೇ ನಕ್ಕಿದ್ದು.

ಫೀನಿಕ್ಸ್‌ನವರಿಗೆ ಈ ಕಷ್ಟ ಇಲ್ಲ ಬಿಡ್ರಿ. ಆದ್ರೂ ಹಾಕಿಸಿದರೆ ಥರ್ಮೋಸ್ಟ್ಯಾಟ್ ಉಳಿಸಿಕೊಂಡು ಹಾಕ್ಸ್ರಿ.

ಮರಳುಗಾಡಿನ ಕೊಪ್ಪದವ
(ಹನ್ನೆರಡು ದಿನ ಆದಮೇಲೆ)

ಹೋಗಿ ಬಂದೆ. ಅದೇ ಟ್ರೈಲರ್, ಅದೇ ರಸ್ತೆ, ಹೊರಗೆ 106 ಡಿಗ್ರಿ. ಬೇಕೆಂತಲೇ ಕೂಲರ್ ಹಾಕಿಸದೆ ಹೋದೆ. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ ಅಲ್ವಾ.

ಬ್ಲ್ಯಾಕ್ ಕ್ಯಾನಿಯನ್ ಸಿಟಿ ದಾಟುವ ಮೊದಲೇ ಎಸ್4 ಹಾಕಿದೆ. ಬಲಗಡೆ ಲೇನ್, 55 ಮೈಲಿ. ಕಡಿದಾದ ಕಡೆ ನಾನೇ 3 ಮಾಡಿ 50ಕ್ಕೆ ಇಳಿದೆ. ಆರ್‌ಪಿಎಂ 3,300ರ ಹತ್ತಿರ ಅಂಟಿಕೊಂಡಿತ್ತು. ಸದ್ದಿಗೆ ಮೊದಲು ಎದೆ ಹೊಡೆದುಕೊಂಡಿತು, ಆಮೇಲೆ ಅಭ್ಯಾಸ ಆಯ್ತು. ಕ್ಯಾಂಪ್ ವರ್ಡಿ ಆದಮೇಲಿನ ಏರಿನ ತುದಿಯಲ್ಲಿ ಪ್ಯಾನ್ 219, ಕನ್ವರ್ಟರ್ 231. ಸೆಲ್ಸಿಯಸ್‌ನವರಿಗೆ 104 ಮತ್ತು 111.

ಮಾವ ಹೇಳಿದ ಕಾಲು ಒತ್ತುವ ಪರೀಕ್ಷೆಯನ್ನೂ ಮಾಡಿದೆ. 4ರಲ್ಲಿ ಲಾಕ್‌ಅಪ್ ಕಚ್ಚಿದ್ದು ಗೊತ್ತಾಗುತ್ತೆ. ಆರ್‌ಪಿಎಂ ಮುಳ್ಳು ಸಣ್ಣಗೆ ಒಂದು ಮೆಟ್ಟಿಲು ಇಳಿಯುತ್ತೆ, ಗೇರ್ ಬದಲಾದ ಜೋಲಿ ಇಲ್ಲ. ಅದು ಇಳಿದ ಮೇಲೆ ಫೋನ್ ನೋಡಿದರೆ ಕನ್ವರ್ಟರ್ ಅಂಕಿ ಒಂದೊಂದೇ ಡಿಗ್ರಿ ಕೆಳಗೆ ಬರ್ತಾ ಇತ್ತು. ಫೋನನ್ನು ಈ ಸಲ ಹೆಂಡತಿ ಕೈಗೆ ಕೊಟ್ಟಿದ್ದೆ. "225... 224... 226, ಏನೋ ಮಾಡಿದ್ರಿ" ಅಂತ ಕಾಮೆಂಟರಿ ಕೊಡ್ತಾ ಬಂದಳು.

ಓಡಿಸಿದ ಹೊತ್ತು ಹದಿನೈದು ನಿಮಿಷ ಜಾಸ್ತಿ ಆಯ್ತು. ಹೋದ ಸಲ ಪಕ್ಕದಲ್ಲಿ ನಿಲ್ಲಿಸಿದ ಇಪ್ಪತ್ತು ನಿಮಿಷ ಕಳೆದರೆ ಐದು ನಿಮಿಷ ಲಾಭವೇ. ಕೂಲರ್ ಸದ್ಯಕ್ಕೆ ಬೇಡ. ಎಣ್ಣೆ ಮಾತ್ರ ಬದಲಾಯಿಸಿಕೊಂಡೆ, 62,000 ಮೈಲಿ ಆಗಿತ್ತು.

ಸೂಜಿ ನಂಬದವ

ಈ ಶನಿವಾರ ಟೋ/ಹಾಲ್ ಒತ್ತಿ ಓಡಿಸಿದೆ. ಹೆಚ್ಚು ಹೇಳಲ್ಲ. ಮಾವ ಗೆದ್ದರು.

ತೋಟದ ದಾರಿ

ನನ್ನದೂ ಒಂದು ವರದಿ ಇದೆ. ಹಾಸನದ ಸ್ಪ್ಯಾನರ್ ಅಣ್ಣನ ಸ್ಕ್ಯಾನರ್ ಎರಡು ದಿನಕ್ಕೆ ಅಂತ ಇಸ್ಕೊಂಡು ಬಂದೆ. ಮಂಗಳೂರಿಂದ ಪಂಪು, ಪೈಪು ಹೇರಿಕೊಂಡು ಶಿರಾಡಿ ಹತ್ತಿದ್ದು. ಗುಂಡ್ಯ ತನಕ 88 ಸೆಲ್ಸಿಯಸ್. ಘಾಟಿಯಲ್ಲಿ ಒಂದು ಗ್ಯಾಸ್ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡೆ. ಹದಿನೈದು ಕಿಲೋಮೀಟರ್ ವೇಗ, ನಿಲ್ಲು, ಹೊರಡು, ನಿಲ್ಲು. ಆ ವೇಗದಲ್ಲಿ ಲಾಕ್‌ಅಪ್ ಕಚ್ಚೋ ಮಾತೇ ಇಲ್ಲ. 109 ಆಯ್ತು. ಎಂಜಿನ್ ನೀರು ಆಗಲೂ 92ರಲ್ಲೇ ಕೂತಿತ್ತು! ಟ್ಯಾಂಕರ್ ದಾಟಿ 50ರ ವೇಗ ಸಿಕ್ಕಿದ್ದೇ ತಡ, ಮಾರನಹಳ್ಳಿ ಬರೋ ಹೊತ್ತಿಗೆ 97ಕ್ಕೆ ಇಳಿದಿತ್ತು.

ತೋಟದ ಏರಲ್ಲಿ ರಿವರ್ಸೂ ನೋಡಿದೆ. ಎರಡೇ ಚಕ್ರ ಎಳೆಯುವ ಮಾಮೂಲಿ ಟೂ ಹೈನಲ್ಲಿ 113. ಗಾಡಿ ತಣಿಯೋಕೆ ಬಿಟ್ಟು, ಊಟ ಮಾಡಿ ಬಂದು ಅದೇ ಮೂಟೆ, ಅದೇ ಏರು, ಫೋರ್ ಲೋ. 96.

ಒಂದು ಪ್ರಶ್ನೆ ಮಾವ. ಘಾಟಿಯಲ್ಲಿ ಟ್ರಾಫಿಕ್ ನಿಂತಾಗ ಲಿವರ್ ಎನ್‌ಗೆ ಹಾಕಬೇಕಾ, ಡಿಯಲ್ಲೇ ಇಡಬೇಕಾ?

ಗೇರ್‌ಬಾಕ್ಸ್ ಮಾವ

ಹತ್ತು ಸೆಕೆಂಡ್ ನಿಂತು ಹೊರಡುವುದಾದರೆ ಡಿಯಲ್ಲೇ ಇರಲಿ, ಬ್ರೇಕ್ ಗಟ್ಟಿಯಾಗಿ ತುಳಿದಿರಿ. ಸುಮ್ನೆ ಎನ್, ಡಿ, ಎನ್, ಡಿ ಅಂತ ಆಡಿಸಬೇಡಿ. ಎರಡು ನಿಮಿಷಕ್ಕಿಂತ ಜಾಸ್ತಿ ಅನ್ನಿಸಿದರೆ ಹ್ಯಾಂಡ್‌ಬ್ರೇಕ್ ಎಳೆದು ಎನ್ ಹಾಕಿ, ಎಂಜಿನ್ ಓಡ್ತಾ ಇರಲಿ. ಮುಂದಿನ ಗಾಡಿಗೆ ಅಂಟಿಕೊಂಡು ಹೋಗುವ ಬದಲು ಸ್ವಲ್ಪ ಜಾಗ ಬಿಟ್ಟು, ಒಂದೇ ಸಲ ಇಪ್ಪತ್ತು ಮೀಟರ್ ಹೋಗಿ ನಿಲ್ಲಿ. ನಡುವೆ ಬೈಕಿನವನು ನುಗ್ಗುತ್ತಾನೆ, ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ಹತ್ತು ಹನ್ನೆರಡು ಸ್ಪ್ಯಾನರ್

ವರದಿ ಚೆನ್ನಾಗಿದೆ ಸಾರ್. ಎರಡು ದಿನ ಅಂತ ತಗೊಂಡು ಹೋಗಿದ್ದು, ಇವತ್ತಿಗೆ ಒಂಬತ್ತು ದಿನ. ಸ್ಕ್ಯಾನರ್ ಯಾವಾಗ ಬರುತ್ತೆ?

ತೋಟದ ದಾರಿ

ನಾಳೆ ಸಂತೆಗೆ ಬರ್ತೀನಿ ಅಣ್ಣ, ಖಂಡಿತ ತರ್ತೀನಿ. ಇವತ್ತು ಒಂದೇ ಒಂದು ಸಲ ಬಿಸಿಲೆ ಕಡೆ ಹೋಗಿ ನೋಡ್ಕೊಂಡು ಬರ್ತೀನಿ.